ಹಿಂದೆ ಕೂತವರ ಕಿವಿ

ಹಳೆಯ ಕಾರಿನ ಮುಂದಿನ ಸಪ್ಪಳಕ್ಕೆ ನಾನು ಅಷ್ಟಾಗಿ ಹೆದರುವುದಿಲ್ಲ. ಬಾನೆಟ್ ಎತ್ತಿದರೆ ಎಂಜಿನ್ ಕಣ್ಣೆದುರಿಗೇ ಇರುತ್ತದೆ. ಬೆಲ್ಟ್ ಚೀರಿದರೂ ಫ್ಯಾನ್ ಬಡಿದರೂ ಬೆರಳು ಮಾಡಿ ತೋರಿಸಬಹುದು. ಹಿಂದಿನ ಸಪ್ಪಳದ ರೀತಿಯೇ ಬೇರೆ. ಗಾಡಿ ಓಡುವಾಗ ಮಾತ್ರ ಅದಕ್ಕೆ ಜೀವ. ನಿಲ್ಲಿಸಿ, ಇಳಿದು, ಬಗ್ಗಿ ನೋಡುವ ಹೊತ್ತಿಗೆ ಗಪ್ಪಾಗಿರುತ್ತದೆ. ಓಡಿಸುವವನ ಬೆನ್ನ ಹಿಂದೆ ಹುಟ್ಟಿ, ತಗಡಿನ ಮೈಯೆಲ್ಲ ಹರಿದಾಡಿ, ಎಲ್ಲಿಂದ ಬಂತೆಂದು ತಿಳಿಯದ ಹಾಗೆ ಕಿವಿ ಮುಟ್ಟುತ್ತದೆ. ಇಂಥದೊಂದು ಸಪ್ಪಳದ ಬೆನ್ನು ಹತ್ತಿ ನಾನು ಒಂದು ಎಳ್ಳಮಾಸಿಯಿಂದ ಮುಂಗಾರಿನವರೆಗೆ ಯಾದಗಿರಿ, ಶಹಾಪುರ, ಸುರಪುರದ ನಡುವೆ ತಿರುಗಾಡಿದೆ.

ನಮ್ಮದು ಡೀಸೆಲ್ ಅಂಬಾಸಿಡರ್, 1489 ಸಿ.ಸಿ. ಎಂಜಿನ್ನಿನದು. ಅಪ್ಪ ಕಲಬುರ್ಗಿಯಲ್ಲಿ ಕೊಂಡದ್ದರಿಂದ ಅದರ ನಂಬರು ಕೆಎ 32. ಸುತ್ತಮುತ್ತಲಿನ ಕೆಎ 33ರ ಗಾಡಿಗಳ ನಡುವೆ ಇಂದಿಗೂ ಅದು ನೆಂಟರ ಮನೆಗೆ ಬಂದಂತೆ ನಿಲ್ಲುತ್ತದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ, ಕೋಲ್ಕತ್ತದ ಹತ್ತಿರದ ಉತ್ತರಪಾರಾದ ಕಾರ್ಖಾನೆಯಲ್ಲಿ ಇವು ತಯಾರಾದವು. 1958ರಿಂದ ಅಂಬಾಸಿಡರ್ ಹೆಸರಿನಲ್ಲಿ ರಸ್ತೆಗಿಳಿದ ಈ ಗಾಡಿಯ ಉತ್ಪಾದನೆ 2014ರ ಮೇ ತಿಂಗಳಲ್ಲಿ ನಿಂತಿತು. ಅರ್ಧ ಶತಮಾನಕ್ಕೂ ಮೀರಿ ಅದರ ಮೂಲ ರಚನೆ ಹೆಚ್ಚು ಬದಲಾಗಲಿಲ್ಲ. ಎಂಜಿನ್ ಮುಂದೆ, ಓಡಿಸುವ ಚಕ್ರ ಹಿಂದೆ. ನಡುವೆ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್, ಅದರ ಎರಡು ತುದಿಗೆ ಕ್ರಾಸ್ ಎಂಬ ಕೀಲು. ಹಿಂದೆ ಹಲ್ಲುಗಾಲಿಗಳನ್ನು ಹೊಟ್ಟೆಯಲ್ಲಿಟ್ಟುಕೊಂಡ ಹೌಸಿಂಗ್. ಅದರ ಎರಡು ಬದಿಗೆ ಬಿಲ್ಲಿನಂತೆ ಬಾಗಿದ ಕಮಾನ್ ಪಾಟಾ. ಇಷ್ಟೆಲ್ಲ ಹಿಂದೆ ಸೇರಿಕೊಂಡಿರುವಾಗ ಸಪ್ಪಳಕ್ಕೆ ತವರುಮನೆಗಳು ಬಹಳ.

ಯಾದಗಿರಿಯ ಕೋಟೆ ಗುಡ್ಡದ ಕೆಳಗೆ ನಮ್ಮ ಮನೆ. ಹೊಲ ಇರುವುದು ಸುರಪುರ ತಾಲ್ಲೂಕಿನಲ್ಲಿ, ತಿಂಥಣಿ ಮೌನೇಶ್ವರನ ಗುಡಿಯ ಆಸುಪಾಸಿನ ಒಂದು ಊರಲ್ಲಿ. ಭೀಮೆಯ ಸೇತುವೆ ದಾಟಿ, ದೋರನಹಳ್ಳಿ ಹಾದು ಹೋದರೆ ಶಹಾಪುರ. ಅಲ್ಲಿ ಮಲಗಿದ ಬುದ್ಧನಂತೆ ಕಾಣುವ ಗುಡ್ಡದ ಸಾಲು. ಮುಂದೆ ಹತ್ತಿಗೂಡೂರು, ಆಮೇಲೆ ಸುರಪುರ. ಮನೆಯಿಂದ ಅಲ್ಲಿಗೆ ಸುಮಾರು 60 ಕಿ.ಮೀ. ಸುರಪುರ ದಾಟಿದರೆ ಕೃಷ್ಣೆಯ ಕಡೆಯ ಇಳಿಜಾರು. ಎರಡು ಹೊಳೆಗಳ ನಡುವೆ ಬಹುಪಾಲು ಎರೆನೆಲ. ಈ ಕರಿ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಅದರ ಮೇಲೆ ಹಾಸಿದ ರಸ್ತೆಯೂ ಅದರ ಜೊತೆಗೇ ಏಳುತ್ತದೆ, ಕೂಡುತ್ತದೆ. ನೋಡುವುದಕ್ಕೆ ನೆಟ್ಟಗಿದ್ದರೂ ಗಾಡಿ ಅದರ ಮೇಲೆ ತೆಪ್ಪದ ಹಾಗೆ ತೂಗುತ್ತ ಹೋಗುತ್ತದೆ. ಬಿಸಿಲಿಗೆ ರಬ್ಬರ್ ಬುಷ್‌ಗಳು ಒಣಗಿ ಗಟ್ಟಿಯಾಗುತ್ತವೆ. ಇಲ್ಲಿಯ ಹಳೆಯ ಗಾಡಿಗಳಲ್ಲಿ ಮೊದಲು ಸೊರಗುವುದು ತಳವೇ.

ಆ ವರ್ಷ ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ ಉಂಡು ಸಂಜೆ ಹೊರಟೆವು. ಡಿಕ್ಕಿಯಲ್ಲಿ ಎರಡು ಚೀಲ ಅಕ್ಕಿ, ಒಂದು ಚೀಲ ತೊಗರಿ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ನಮ್ಮ ಜೋಳದ ಸೀಮೆಯಲ್ಲೂ ಅಕ್ಕಿ ಚೀಲ ಹೇರಿಕೊಂಡು ಬರುವ ರೂಢಿಯಾಗಿದೆ. ಹತ್ತಿಗೂಡೂರು ಸಮೀಪ ಒಂದು ತೆಗ್ಗು ಬಂತು. 'ಕಟ್' ಎಂದಿತು. ಮುಂದೆ ಇನ್ನೊಂದು ತೆಗ್ಗು, ಮತ್ತೆ 'ಕಟ್'. ಯಾರೋ ಹಾರೆಯ ಹಿಡಿಯಿಂದ ಒಂದೇ ಏಟು ಕೊಟ್ಟಂತೆ. ತೆಗ್ಗಿಗೆ ಬಡಿದದ್ದು ಎಂದುಕೊಂಡೆ. ಆ ತಪ್ಪು ತಿಳಿವಳಿಕೆ ನನ್ನನ್ನು ಆರು ತಿಂಗಳು ಅಲೆಸಿತು.

ಹಿಂದಿನ ಸಪ್ಪಳ ಹುಡುಕಲು ಹೊರಟವರು ಮೊದಲು ಮಾಡಬೇಕಾದ ಕೆಲಸ ಡಿಕ್ಕಿ ಖಾಲಿ ಮಾಡುವುದು. ನಾನೂ ಅದನ್ನೇ ಮಾಡಿದೆ. ಜಾಕ್, ಪಾನಾ, ಎಣ್ಣೆಯ ಡಬ್ಬಿ, ಸ್ಟೆಪ್ನಿ ಎಲ್ಲ ಅಂಗಳಕ್ಕೆ ಬಂದವು. ಸ್ಟೆಪ್ನಿ ಎಂಬ ಮಾತು ಎಲ್ಲಿಂದ ಬಂತೆಂದು ಆಗಲೇ ಹುಡುಕಿ ತಿಳಿದುಕೊಂಡೆ. ವೇಲ್ಸ್ ನಾಡಿನ ಲನೆಲ್ಲಿ ಪಟ್ಟಣದಲ್ಲಿ ಸ್ಟೆಪ್ನಿ ಎಂಬ ಬೀದಿ ಇದೆ. 1904ರ ಹೊತ್ತಿಗೆ ಅಲ್ಲಿಯ ಇಬ್ಬರು ಅಣ್ಣತಮ್ಮಂದಿರು ಮೋಟಾರಿಗೆ ಮೀಸಲು ಚಕ್ರ ಮಾಡಿ ಮಾರಲು ಶುರು ಮಾಡಿದರು. ಆ ಬೀದಿಯ ಹೆಸರು ನಮ್ಮ ಪಂಕ್ಚರ್ ಅಂಗಡಿಯ ಹುಡುಗನ ಬಾಯಲ್ಲಿ ಈಗಲೂ ಆಡುತ್ತದೆ. ಖಾಲಿ ಡಿಕ್ಕಿಯೊಂದಿಗೆ ಮೈಲಾಪುರದವರೆಗೆ ಹೋಗಿ ಬಂದೆ. ಸಪ್ಪಳವೇ ಇಲ್ಲ. ಜಾಕ್ ಬಡಿಯುತ್ತಿತ್ತು ಎಂದು ಅದನ್ನು ಗೋಣಿತಟ್ಟಿನಲ್ಲಿ ಸುತ್ತಿ ಇಟ್ಟು ನೆಮ್ಮದಿಯಾದೆ. ಮುಂದಿನ ಸಲ ಊರಿನಿಂದ ಕಾಳಿನ ಚೀಲ ಹೇರಿಕೊಂಡು ಬರುವಾಗ ಅದೇ ಏಟು, ಅದೇ ಜಾಗ.

ಆಮೇಲೆ ಓದಿ, ಕೇಳಿ, ಓಡಿಸಿ ಕಲಿತದ್ದು ಬಹಳ. ಹಿಂಬದಿಯ ಸದ್ದುಗಳಿಗೆ ಒಂದೊಂದಕ್ಕೆ ಒಂದೊಂದು ಸ್ವಭಾವ ಇರುತ್ತದೆ. ಗುಂಯ್ ಎಂದು ಎಳೆಯುವ ಸದ್ದು ಆಕ್ಸಿಲರೇಟರ್ ಒತ್ತಿದಾಗ ಒಂದು ಸ್ವರ, ಕಾಲು ತೆಗೆದಾಗ ಇನ್ನೊಂದು ಸ್ವರ ಆದರೆ ಅದು ಹೌಸಿಂಗಿನ ಒಳಗಿನ ಕ್ರೌನ್ ಪಿನಿಯನ್ನಿನದು. ಹಲ್ಲುಗಳು ಒತ್ತುವ ಮಗ್ಗಲು ಬದಲಾಗುವುದರಿಂದ ಸ್ವರ ಬದಲಾಗುತ್ತದೆ. ಕಾಲು ಒತ್ತಿದರೂ ತೆಗೆದರೂ ಒಂದೇ ಇದ್ದು, ಬಲಕ್ಕೆ ತಿರುಗಿಸಿದಾಗ ಜೋರಾದರೆ ಎಡ ಚಕ್ರದ ಬೇರಿಂಗ್ ನೋಡಬೇಕು. ತಿರುವಿನಲ್ಲಿ ಭಾರವೆಲ್ಲ ಹೊರಗಿನ ಚಕ್ರದ ಮೇಲೆ ಬೀಳುತ್ತದೆ. ಡಾಂಬರಿನ ಮೇಲೆ ಒಂದು ಥರ, ಸಿಮೆಂಟ್ ರಸ್ತೆಯ ಮೇಲೆ ಇನ್ನೊಂದು ಥರ ಕೇಳಿದರೆ ಬೇರಿಂಗನ್ನೂ ಹಲ್ಲನ್ನೂ ಬಿಟ್ಟು ಟೈರನ್ನು ಅನುಮಾನಿಸಬೇಕು.

ತಾಳಕ್ಕೂ ಲೆಕ್ಕ ಇದೆ. ಅಂಬಾಸಿಡರ್ ಚಕ್ರ ಒಂದು ಸುತ್ತಿಗೆ ಸುಮಾರು 2 ಮೀಟರ್ ಹೋಗುತ್ತದೆ. ಗಂಟೆಗೆ 36 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 10 ಮೀಟರ್, ಅಂದರೆ 5 ಸುತ್ತು. ಟಿಕ್ ಟಿಕ್ ಎಂಬ ಸದ್ದು ಸೆಕೆಂಡಿಗೆ ಐದು ಸಲ ಬಂದರೆ ಅದು ಚಕ್ರದ ಜೊತೆ ತಿರುಗುವ ವಸ್ತುವಿನದು. ಡ್ರಮ್ಮಿರಬಹುದು, ಟೈರಿಗೆ ಕಚ್ಚಿದ ಕಲ್ಲಿರಬಹುದು. ಪ್ರೊಪೆಲ್ಲರ್ ಶಾಫ್ಟ್ ಚಕ್ರಕ್ಕಿಂತ ನಾಲ್ಕೈದು ಪಟ್ಟು ಬೇಗ ತಿರುಗುತ್ತದೆ. ಆ ತಾಳ ಎಣಿಸಲು ಬಾರದಷ್ಟು ಚುರುಕು. ನಿಧಾನ ಹೋಗುವಾಗ ಇಲಿ ಚೀರಿದ ಹಾಗೆ ಬೇಗ ಬೇಗ ಚೀರಿದರೆ ಒಣಗಿದ ಕ್ರಾಸ್. ಹೀಗೆ ಎಣಿಸುತ್ತ ಹೋದರೆ ಅರ್ಧ ಅನುಮಾನ ಕಾರಿನಡಿ ಮಲಗದೆಯೇ ಕಳೆಯುತ್ತದೆ.

ಆದರೆ ನನ್ನ ಸಪ್ಪಳಕ್ಕೆ ತಾಳವೇ ಇರಲಿಲ್ಲ. ಒಂದು ಏಟು, ಆಮೇಲೆ ಮೌನ. ಒಬ್ಬ ಮಿಸ್ತ್ರಿಗೆ ತೋರಿಸಿದೆ. ಗಾಡಿ ಬಿಡುವಾಗ 'ಕಟ್' ಎಂದದ್ದು ಅವನಿಗೆ ಕೇಳಿಸಿತು. ಬಿಡುವಾಗಿನ ಏಟು ಸವೆದ ಕ್ರಾಸಿನ ಗುರುತು, ಇದು ತಪ್ಪಲ್ಲ. ಎರಡೂ ಕ್ರಾಸ್ ಬದಲಿಸಿದ. ಒಂದು ವಾರ ಇಲ್ಲವಾದಂತೆ ಅನ್ನಿಸಿತು; ಆ ವಾರ ನಾನು ಭಾರ ಹೇರಿರಲಿಲ್ಲ. ಇನ್ನೊಂದು ಗ್ಯಾರೇಜಿನಲ್ಲಿ ಹೌಸಿಂಗ್ ಬಿಚ್ಚಿ ಕ್ರೌನ್ ಪಿನಿಯನ್ ಹಾಕಬೇಕು ಎಂದರು. ಹಳೆಯ ಗಾಡಿಯ ಬಿಡಿಭಾಗ ಸಿಗುವುದೇ ಕಷ್ಟ, ಸಿಕ್ಕರೂ ಹಲ್ಲಿಗೆ ಹಲ್ಲು ಕೂಡಿಸುವ ಕೈ ಇನ್ನೂ ಅಪರೂಪ. ನನಗೆ ಮನಸ್ಸಾಗಲಿಲ್ಲ. ಆ ಹೌಸಿಂಗಿನ ಒಳಗಿರುವುದು ಒಂದು ಅಪೂರ್ವ ಕಲ್ಪನೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಉರುಳಬೇಕು, ಒಳಗಿನದು ಕಡಿಮೆ. ಎರಡಕ್ಕೂ ಶಕ್ತಿ ಕೊಡುತ್ತಲೇ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಈ ಏರ್ಪಾಟಿಗೆ ಫ್ರಾನ್ಸಿನ ಗಡಿಯಾರ ಕುಶಲಿ ಓನೆಸಿಫೋರ್ ಪೆಕರ್ 1827ರಲ್ಲಿ ಪೇಟೆಂಟ್ ಪಡೆದ. ಗಡಿಯಾರದವನ ನಯ ಬೇಡುವ ಆ ಜಾಗವನ್ನು ಬರೀ ಅನುಮಾನದ ಮೇಲೆ ಬಿಚ್ಚಿಸುವುದು ನನಗೆ ಸರಿ ಕಾಣಲಿಲ್ಲ.

ಮುಂಗಾರು ಬಂತು. ಮೊದಲ ಮಳೆ ಬಿದ್ದ ಮರುದಿನ ಹೊಲಕ್ಕೆ ಹೋದೆವು, ಬಿತ್ತನೆಗೆ ಮುಂಚೆ ಊರ ಮನೆಯಲ್ಲಿ ಉಳಿದಿದ್ದ ಜೋಳದ ಚೀಲ ತರಬೇಕಿತ್ತು. ಹೊಲದ ದಾರಿಯಲ್ಲಿ ನೀರಿಂಗಿ ಮಣ್ಣು ನುಣ್ಣಗೆ ಕೂತಿತ್ತು. ಕಾರು ನಿಂತ ಮೇಲೆ ಇಳಿದ ಅವ್ವ ಬಗ್ಗಿ ನೆಲ ನೋಡಿದಳು.

"ತಮ್ಮ, ಗಾಲಿ ಒಂದರ ಜಾಡಿನಾಗ ಒಂದು ಬೀಳವಲ್ದು ನೋಡು."

ನೋಡಿದೆ. ನೆಟ್ಟಗಿನ ದಾರಿಯಲ್ಲಿ ಮುಂದಿನ ಗಾಲಿಯ ಜಾಡಿಗಿಂತ ಹಿಂದಿನದು ಹೆಬ್ಬೆರಳ ಅಗಲ ಎಡಕ್ಕೆ ಸರಿದು ಬಿದ್ದಿತ್ತು. ಕೆಲವು ದಿನಗಳಿಂದ ಸ್ಟೇರಿಂಗ್ ನೆಟ್ಟಗೆ ಹಿಡಿದರೆ ಕಾರು ಬಲಕ್ಕೆ ಎಳೆಯುತ್ತಿತ್ತು. ಟೈರಿನ ಗಾಳಿ ಕಡಿಮೆಯಾಗಿದೆ ಎಂದು ಬಿಟ್ಟಿದ್ದೆ. ಜಾಡು ಕಂಡರೂ ಅದನ್ನೂ ಸಪ್ಪಳವನ್ನೂ ಕೂಡಿಸಿ ನೋಡಲು ನನಗೆ ಹೊಳೆಯಲಿಲ್ಲ. ಚೀಲ ಹೇರಿಕೊಂಡು ಹೊರಟೆವು.

ಸುರಪುರದಲ್ಲಿ ಹಳೆಯ ಗಾಡಿಗಳ ಕೆಲಸ ಬಲ್ಲ ಒಬ್ಬ ಉಸ್ತಾದರು ಇದ್ದಾರೆ ಎಂದು ಕೇಳಿದ್ದೆ. ವಯಸ್ಸಾದವರು, ಈಗ ಸ್ವತಃ ಪಾನಾ ಹಿಡಿಯುವುದು ಕಡಿಮೆ. ನಾನು ನಡೆದ ಕಥೆಯೆಲ್ಲ ಹೇಳಿದೆ. ಕ್ರಾಸ್, ಹೌಸಿಂಗ್, ಶಾಕಪ್ ಎಂದು ನನ್ನ ಅನುಮಾನಗಳನ್ನೂ ಸಾಲಾಗಿ ಒಪ್ಪಿಸಿದೆ. ಅವರು ಕೈ ಎತ್ತಿ ನಿಲ್ಲಿಸಿದರು.

"ಸರ, ನೀವು ಯಾವ ಸಾಮಾನು ಅಂತ ಹೇಳಬ್ಯಾಡ್ರಿ. ಸಪ್ಪಳ ಯಾವಾಗ ಬರ್ತದ, ಅಷ್ಟೇ ಹೇಳ್ರಿ."

"ತೆಗ್ಗಿಗೆ ಬಿದ್ದಾಗ ಬರ್ತದ."

ಅವರು ನನ್ನನ್ನು ದಾಟಿ ಹಿಂದಿನ ಕಿಟಕಿಯ ಹತ್ತಿರ ಹೋಗಿ ಬಗ್ಗಿದರು. "ಯವ್ವಾ, ನೀವು ಯಾವಾಗಲೂ ಇಲ್ಲೇ ಕೂಡ್ತೀರೇನು?"

"ಹೂಂ ಯಪ್ಪಾ, ಇದೇ ಎಡಗಡಿ ಕಿಟಕಿಗಿ."

"ನಿಮಗ ಸಪ್ಪಳ ಕೇಳಸ್ತದೇನು?"

"ಕೇಳಸ್ಲಾರದೇನು? ಎರಡು ವರ್ಷ ಆಯ್ತು ಕೇಳಲತ್ತೀನಿ. ನನ್ನ ಕಾಲ ತೆಳಗೇ ಬಡೀತದ. ಗಾಡಿ ಬಿಡಬೇಕಾದ್ರ ಒಮ್ಮಿ, ಬ್ರೇಕ್ ಹಾಕಬೇಕಾದ್ರ ಒಮ್ಮಿ. ಊರಿಗಿ ಹೋಗಬೇಕಾದ್ರ ಇರಂಗಿಲ್ಲ, ಚೀಲ ಹೇರ್ಕೊಂಡು ಬರಬೇಕಾದ್ರ ಇರ್ತದ."

"ತೆಗ್ಗಿಗಿ ಬಿದ್ದಾಗ?"

"ತೆಗ್ಗು ಬರೋಕಿಂತ ಮೊದಲೇ ಬಡೀತದ. ತೆಗ್ಗಿನಾಗ ಬರೇ ಜೋಲಿ ಹೊಡೀತದ."

ನಾನು ನಿಂತಲ್ಲೇ ನಿಂತೆ. ತೆಗ್ಗು ಕಂಡ ಕೂಡಲೇ ನಾನು ಬ್ರೇಕ್ ಒತ್ತುತ್ತಿದ್ದೆ. ಏಟು ಬ್ರೇಕಿನದು. ಕಣ್ಣು ತೆಗ್ಗಿನ ಮೇಲೆ ಇದ್ದುದರಿಂದ ಕಿವಿಯೂ ಅದನ್ನೇ ನಂಬಿತ್ತು. ಅವ್ವನಿಗೆ ಮುಂದಿನ ತೆಗ್ಗು ಕಾಣುತ್ತಿರಲಿಲ್ಲ, ಆದ್ದರಿಂದ ಆಕೆ ಕೇಳಿದ್ದು ಶುದ್ಧವಾಗಿತ್ತು.

ಉಸ್ತಾದರು ಬೀಗದ ಕೈ ಇಸಿದುಕೊಂಡು ಸ್ಟೇರಿಂಗಿಗೆ ಕೂತರು. ನನಗೆ ಹಿಂದೆ ಕೂಡಲು ಹೇಳಿದರು, ಅವ್ವನ ಪಕ್ಕಕ್ಕೆ. 1840ರ ದಶಕದಲ್ಲಿ ಇಲ್ಲಿದ್ದ ಮೆಡೋಸ್ ಟೇಲರನ ಬಂಗಲೆ, ಟೇಲರ್ ಮಂಜಿಲ್ ಇರುವ ಗುಡ್ಡದ ಕಡೆಗೆ ಗಾಡಿ ಹೊರಟಿತು. ಇಪ್ಪತ್ತು ವರ್ಷ ಓಡಿಸಿದ ಕಾರಿನ ಹಿಂದಿನ ಸೀಟಿನಲ್ಲಿ ನಾನು ಕೂತು ಹೋದದ್ದು ಅದೇ ಮೊದಲು. ಸೀಟಿನ ಒಂದು ಸ್ಪ್ರಿಂಗ್ ತೊಡೆಗೆ ಒತ್ತುತ್ತಿತ್ತು. ಡಿಕ್ಕಿಯ ಕಡೆಯಿಂದ ಸಣ್ಣ ಧೂಳು ಬರುತ್ತಿತ್ತು. ಅವ್ವ ಸೀಟಿನ ಮೇಲೆ ಯಾಕೆ ಕೌದಿ ಮಡಚಿ ಹಾಕಿಕೊಳ್ಳುತ್ತಾಳೆ, ಬಾಯಿಗೆ ಯಾಕೆ ಸೆರಗು ಹಿಡಿಯುತ್ತಾಳೆ ಎಂದು ಆಗ ತಿಳಿಯಿತು. ಉಸ್ತಾದರು ಏರಿನಲ್ಲಿ ನಿಲ್ಲಿಸಿ ಬಿಟ್ಟರು: ಎಡಗಾಲಿನ ಕೆಳಗೆ ಕಟ್. ಸ್ವಲ್ಪ ಮುಂದೆ ಹೋಗಿ ಬ್ರೇಕ್ ಹಾಕಿದರು: ಮತ್ತೆ ಕಟ್. ಮುಂದಿನ ಸೀಟಿನಲ್ಲಿ ಎಲ್ಲಿಂದಲೋ ತೇಲಿ ಬರುತ್ತಿದ್ದದ್ದು ಇಲ್ಲಿ ಅಂಗಾಲಿಗೇ ತಟ್ಟುತ್ತಿತ್ತು. ಅಂಬಾಸಿಡರಿಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ; ಮೈಯೇ ಅದರ ಎಲುಬು. ಒಂದು ಮೂಲೆಗೆ ಬಿದ್ದ ಏಟು ಇಡೀ ಮೈಗೆ ಹಲಗೆಯ ನಾದದಂತೆ ಹರಡುತ್ತದೆ. ಅದು ಹುಟ್ಟಿದ ಜಾಗ ತಿಳಿಯಬೇಕಾದರೆ ಆ ಜಾಗದ ಮೇಲೆಯೇ ಕೂಡಬೇಕು.

"ಯಾಕ ಹೇಳಲಿಲ್ಲ ಅವ್ವ?" ಎಂದೆ.

"ನೀ ಗಾಡಿ ಹೊಡಿಯೋ ಧ್ಯಾನದಾಗ ಇರ್ತಿ. ನಡುವ ಯಾಕ ಮಾತಾಡಿಸ್ಬೇಕಂತ ಸುಮ್ಮ ಕುಂತೀನಿ. ನೀನೂ ಕೇಳ್ಲಿಲ್ಲ."

ಗ್ಯಾರೇಜಿಗೆ ಬಂದು ಉಸ್ತಾದರು ಹುಡುಗನಿಂದ ಎಡಗಡೆಯ ಕಮಾನ್ ಪಾಟಾ ಒರೆಸಿಸಿ, ಹೌಸಿಂಗ್ ಅದರ ಮೇಲೆ ಕೂತಿರುವಲ್ಲಿ ಎರಡಕ್ಕೂ ಸೇರಿಸಿ ಸೀಮೆಸುಣ್ಣದ ಒಂದು ಗೆರೆ ಎಳೆಸಿದರು. ಗಾಡಿಯನ್ನು ನಾಲ್ಕು ಮಾರು ಬಿಟ್ಟು ಗಟ್ಟಿಯಾಗಿ ಬ್ರೇಕ್ ಹಾಕಿದರು. ಹುಡುಗ ಬ್ಯಾಟರಿ ಬಿಟ್ಟು ನೋಡಿದ. ಗೆರೆ ಎರಡಾಗಿತ್ತು. ಆಮೇಲೆ ದಾರ ಹಿಡಿದು ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎರಡೂ ಬದಿ ಅಳೆದರು. ಬಲಕ್ಕಿಂತ ಎಡಗಡೆ ಅರ್ಧ ಇಂಚು ಹೆಚ್ಚು.

ಪಾಟಾದ ಎಲೆಗಳನ್ನೆಲ್ಲ ಸೇರಿಸಿ ಹಿಡಿಯುವ ಸೆಂಟರ್ ಬೋಲ್ಟ್ ತುಂಡಾಗಿತ್ತು. ಅದರ ತಲೆ ಹೌಸಿಂಗಿನ ಕುಳಿಯಲ್ಲಿ ಕೂತು, ಚಕ್ರಗಳ ಆ ಇಡೀ ಅಚ್ಚು ಹಿಂದೆ ಮುಂದೆ ಸರಿಯದ ಹಾಗೆ ನೋಡಿಕೊಳ್ಳುತ್ತದೆ. ಸುತ್ತ ಬಿಗಿಯುವ ಯೂ ಬೋಲ್ಟುಗಳೂ ಸಡಿಲವಾಗಿದ್ದವು. ಗಾಡಿ ಬಿಡುವಾಗ ಚಕ್ರ ಅಚ್ಚನ್ನು ಮುಂದಕ್ಕೆ ನೂಕುತ್ತದೆ, ಬ್ರೇಕ್ ಹಾಕುವಾಗ ಹಿಂದಕ್ಕೆ ಎಳೆಯುತ್ತದೆ. ಗಾಡಿ ಖಾಲಿ ಇದ್ದಾಗ ಆ ನೂಕು ಕಡಿಮೆ, ಉಳಿದ ಬಿಗಿ ಸಾಕಾಗುತ್ತಿತ್ತು. ಮೂರು ಚೀಲ ಹೇರಿದಾಗ ನೂಕು ಹೆಚ್ಚಾಗಿ ಅಚ್ಚು ಜಾರಿ ಬಡಿಯುತ್ತಿತ್ತು. ಎಡ ಚಕ್ರ ಅರ್ಧ ಇಂಚು ಹಿಂದೆ ಸರಿದು ಅಚ್ಚು ಓರೆಯಾದದ್ದರಿಂದ ಕಾರು ಬಲಕ್ಕೆ ಎಳೆಯುತ್ತಿತ್ತು. ಹಿಂದಿನ ಜಾಡು ಎಡಕ್ಕೆ ಬೀಳುತ್ತಿತ್ತು. ಅವ್ವ ನೆಲದ ಮೇಲೆ ಓದಿದ್ದೂ ಕಾಲ ಕೆಳಗೆ ಕೇಳಿದ್ದೂ ಒಂದೇ ಮಾತು.

ಇದು ಹಾಗೇ ಬಿಡುವ ದೋಷವಲ್ಲ. ಯೂ ಬೋಲ್ಟ್ ಪೂರ್ತಿ ಸಡಿಲಾದರೆ ವೇಗದಲ್ಲಿ ಹಿಂದಿನ ಅಚ್ಚೇ ಅಡ್ಡ ತಿರುಗಬಹುದು. ಹೌಸಿಂಗ್ ಬಿಚ್ಚಿಸಿ ದುಡ್ಡು ಸುರಿದಿದ್ದರೂ ಆ ಅಪಾಯ ಹಾಗೇ ಉಳಿಯುತ್ತಿತ್ತು. ಒಂದು ಸೆಂಟರ್ ಬೋಲ್ಟ್, ಹೊಸ ಯೂ ಬೋಲ್ಟುಗಳು, ಅರ್ಧ ದಿನದ ಕೆಲಸ. ಕೊನೆಯ ಬಿಗಿತವನ್ನು ಜಾಕಿನ ಮೇಲೆ ಮಾಡದೆ, ಗಾಡಿ ಕೆಳಗಿಳಿಸಿ, ಚೀಲಗಳ ಭಾರ ಪಾಟಾದ ಮೇಲೆ ಬಿದ್ದ ಮೇಲೆಯೇ ಮಾಡಿಸಿದರು. ಹೊಸ ಬೋಲ್ಟು ಓಡಿದ ಮೇಲೆ ಸ್ವಲ್ಪ ಬಿಡುತ್ತದೆ, 300 ಕಿ.ಮೀ. ಆದ ಕೂಡಲೇ ಬಂದು ಮತ್ತೊಮ್ಮೆ ಬಿಗಿಸಿಕೊಂಡು ಹೋಗಬೇಕು ಎಂದರು.

ಕೆಲಸ ನಡೆಯುತ್ತಿದ್ದಾಗ ಅವ್ವ ಬೇವಿನ ನೆರಳಲ್ಲಿ ಕೂತು ಬಂಡಿಯ ಮಾತು ತೆಗೆದಳು. ಆಕೆ ಮದುವೆಯಾಗಿ ಬಂದಾಗ ಮನೆಯಲ್ಲಿ ಎತ್ತಿನ ಬಂಡಿ ಇತ್ತು. ಬಂಡಿಯ ಗಾಲಿಗಳು ಒಂದೊಂದು ತಮ್ಮಷ್ಟಕ್ಕೆ ತಿರುಗುತ್ತವೆ, ಅವಕ್ಕೆ ಗಡಿಯಾರದವನ ಹಲ್ಲುಗಾಲಿ ಬೇಕಿಲ್ಲ. ಆದರೆ ತುದಿಯ ಕೀಲು ಸವೆದರೆ ಗಾಲಿ ಹೊರಕ್ಕೆ ಸರಿದು ಬಡಿಯುತ್ತದೆ. ಅಪ್ಪ ಎತ್ತಿನ ಕಡೆ ಮುಖ ಮಾಡಿ ಕೂತಿರುತ್ತಿದ್ದ. ಹಿಂದೆ ಚೀಲದ ಮೇಲೆ ಕೂತ ಅವ್ವನೇ ಕೀಲಿನ ಸದ್ದು ಕೇಳಿ ಬಂಡಿ ನಿಲ್ಲಿಸುತ್ತಿದ್ದಳಂತೆ. "ಅವ್ರು ದಾರಿ ತುಂಬ ಕೇಳ್ತಿದ್ರು, ಗಾಲಿ ಹ್ಯಾಂಗದ ಅಂತ" ಎಂದಳು. ಬಂಡಿಯಿಂದ ಕಾರಿಗೆ ಬರುವಾಗ ನಾವು ಗಾಲಿ, ಅಚ್ಚು, ಕೀಲು ಎಲ್ಲವನ್ನೂ ಒಳ್ಳೆಯದಕ್ಕೆ ಬದಲಿಸಿಕೊಂಡೆವು. ಆ ಪ್ರಶ್ನೆಯನ್ನು ಮಾತ್ರ ನಾನು ದಾರಿಯಲ್ಲಿ ಎಲ್ಲೋ ಕೆಡವಿಬಿಟ್ಟಿದ್ದೆ.

ನಾವು ಹೊರಡುವಾಗ ಉಸ್ತಾದರು ನನಗೊಂದು ಬುದ್ಧಿ ಹೇಳಿದರು. ಕಾರಿನಲ್ಲಿ ಒಂದು ಸಣ್ಣ ವಹಿ ಇಟ್ಟುಕೊಳ್ಳಬೇಕು. ಸಪ್ಪಳ ಬಂದರೆ ಯಾವ ಸಾಮಾನಿನದು ಎಂದು ಬರೆಯಬಾರದು. ಖಾಲಿಯೋ ಭಾರವೋ, ಏರೋ ಇಳಿಜಾರೋ, ಯಾವ ಗೇರು, ಎಷ್ಟು ವೇಗ, ಕಾಲು ಯಾವುದರ ಮೇಲಿತ್ತು, ಗಾಡಿ ಯಾವ ಕಡೆ ತಿರುಗಿತ್ತು, ಇಷ್ಟೇ ಬರೆಯಬೇಕು. ಹತ್ತು ಸಾಲು ಕೂಡಿದರೆ ಸಾಮಾನಿನ ಹೆಸರು ತಾನೇ ಎದ್ದು ಬರುತ್ತದೆ. ನಾನು ಆ ವಹಿಗೆ ಒಂದು ಕಾಲಂ ಹೆಚ್ಚಿಗೆ ಹಾಕಿದೆ: ಹಿಂದೆ ಕೂತವರು ಹೇಳಿದ್ದು.

ಮೂರು ವಾರ ಬಿಟ್ಟು ಬೋಲ್ಟ್ ಬಿಗಿಸಿಕೊಂಡು ಬರುತ್ತಿದ್ದೆವು. ಅಷ್ಟರಲ್ಲಿ ಹಿಂದಿನ ಸೀಟಿಗೆ ಹೊಸ ಸ್ಪ್ರಿಂಗ್ ಹಾಕಿಸಿ, ಡಿಕ್ಕಿಯ ಅಂಚಿಗೆ ಹೊಸ ರಬ್ಬರ್ ಹೊಡೆಸಿದ್ದೆ. ಡಿಕ್ಕಿಯಲ್ಲಿ ಎರಡು ಚೀಲ ಭಾರ. ಹತ್ತಿಗೂಡೂರಿನ ತೆಗ್ಗು ಬಂತು, ಬ್ರೇಕ್ ಒತ್ತಿದೆ. ಏನೂ ಇಲ್ಲ. ಶಹಾಪುರ ದಾಟಿದೆವು.

"ಅವ್ವ, ಹಿಂದ ಹ್ಯಾಂಗದ?"

"ಆ ಬಡಿತ ಹೋಗ್ಯಾದ." ಸ್ವಲ್ಪ ಹೊತ್ತು ಆಲಿಸಿ ಮತ್ತೆ ಹೇಳಿದಳು. "ಈಗ ಬಲಗಡಿ ಬಾಗಲದಾಗ ಏನೋ ಗಿಲಿಗಿಲಿ ಅನ್ಲತ್ತದ. ಮೊದಲೂ ಇತ್ತೇನೋ, ಆ ಬಡಿತದಾಗ ಕೇಳ್ತಿದ್ದಿಲ್ಲ."

ದೋರನಹಳ್ಳಿಯ ಹತ್ತಿರ ಗಾಡಿ ಬದಿಗೆ ಹಾಕಿ ವಹಿ ತೆಗೆದೆ. ಎಷ್ಟು ವೇಗದಲ್ಲಿ, ಎಂದು ಬರೆಯುವ ಮುಂಚೆ ತಿರುಗಿ ಅವ್ವನನ್ನು ಕೇಳಿದೆ.